ಕುಯ್ಲು ಮುಗಿಯಲಿ ಅಂದವಳು

ಆಗ ನನಗೆ ಅರವತ್ತು. ಅದಾಗಿ ಎಂಟು ವರ್ಷವಾಯಿತು. ಎಡಗಡೆಯ ಮೊಲೆ ತೆಗೆಸಿಕೊಂಡು ನಾನು ಬದುಕಿದ್ದೇನೆ. ನನ್ನ ಮಗಳು ಗಿರಿಜ ಬದುಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಏನಾಯಿತೋ ಅಂತ ಕಾದು ಓದುವ ಕಥೆ ಇದಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಓದಿದ್ದೆಲ್ಲ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಗೊಬ್ಬರದ ಚೀಲ. ಇಷ್ಟು ಬರೆಯುವುದಕ್ಕೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ತಪ್ಪಿದ ಅಕ್ಷರಗಳನ್ನು ನಮ್ಮೂರಿನ ಅಂಗನವಾಡಿ ಮೇಡಂ ತಿದ್ದಿದ್ದಾರೆ. ಮಾತನ್ನು ಮಾತ್ರ ತಿದ್ದಬೇಡಿ ಅಂದಿದ್ದೇನೆ.

ಯಸಳೂರು ಹತ್ತಿರದ ಒಂದು ಎಸ್ಟೇಟಿನಲ್ಲಿ ಮೂವತ್ತೈದು ವರ್ಷ ದುಡಿದೆ. ಗಂಡ ನೆರಳಿನ ಮರದ ಕೊಂಬೆ ಸವರುವಾಗ ಬಿದ್ದು ತೀರಿಹೋದ. ಗಿರಿಜ ಆಗ ಐದನೇ ಕ್ಲಾಸು. ನಮಗೆ ಅವಳೊಬ್ಬಳೇ. ಕಾಫಿ ಕುಯ್ಲಿಗೆ ನಾನೂ ಎಲ್ಲರ ಜೊತೆ ಹೋಗುತ್ತಿದ್ದೆ, ಆದರೆ ನನಗೆ ಹೆಸರಿದ್ದದ್ದು ಬೋರರ್ ಹುಡುಕುವುದರಲ್ಲಿ. ಕಾಫಿ ಗಿಡದ ಕಾಂಡ ಕೊರೆಯುವ ಹುಳ ಅದು. ಗಿಡ ಹೊರಗಿನಿಂದ ಹಸಿರಾಗಿಯೇ ಇರುತ್ತದೆ. ಸಾಲು ಹಿಡಿದು ಬಗ್ಗಿಕೊಂಡು ಹೋಗಿ ಕಾಂಡದ ಮೇಲೆ ಕೈಯಾಡಿಸಿದರೆ ತೊಗಟೆಯಡಿ ಒಂದು ಉಬ್ಬುಗೆರೆ ಸಿಗುತ್ತದೆ. ಸಿಕ್ಕಿದರೆ ಸುಣ್ಣದ ಗುರುತು ಹಾಕಬೇಕು. ಹಿಂದೆ ಬರುವ ಗಂಡಾಳು ಅದನ್ನು ಬುಡಸಮೇತ ಕಿತ್ತು ಸುಡಬೇಕು. ಹಾಜರಿ ಬರೆದು ಕೆಲಸ ಮಾಡಿಸುವ ರೈಟರ್ "ಜಯಮ್ಮನ ಬೆರಳಿಗೆ ಕಣ್ಣೈತೆ" ಅನ್ನುತ್ತಿದ್ದರು.

ಅಂಥ ಬೆರಳು ನನ್ನ ಮೈಯನ್ನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ.

ಶುರುವಾಗಿದ್ದು ರವಿಕೆಯ ಮೇಲಿನ ಕಲೆಯಿಂದ. ಎಡಗಡೆ, ಎಂಟಾಣೆ ಅಗಲ, ಕಂದು ಬಣ್ಣ. ಗಿಡದ ಕರೆ ಅಂದುಕೊಂಡು ಒಗೆದೆ. ಮಾರನೇ ವಾರ ಇನ್ನೊಂದು ರವಿಕೆಯಲ್ಲಿ ಅದೇ ಜಾಗಕ್ಕೆ ಬಂತು. ನನ್ನ ತಂಗಿ ಗೌರಿಯನ್ನು ಹೆಗ್ಗದ್ದೆಗೆ ಕೊಟ್ಟಿದೆ. ಅವಳು ಬಂದಾಗ ತಂತಿಯ ಮೇಲೆ ಒಣಗಿದ್ದ ರವಿಕೆ ಮಡಚುತ್ತಾ ನಿಂತುಬಿಟ್ಟಳು.

"ಅಕ್ಕ, ಇದು ಕರೆ ಅಲ್ಲ ಕಣೇ."

"ಮತ್ತೇನು?"

"ಅವ್ವಂದು ಹಿಂಗೇ ಅಲ್ವಾ ಶುರುವಾಗಿದ್ದು?"

ನಮ್ಮ ಅವ್ವ ಎದೆಹುಣ್ಣಿನಿಂದ ಸತ್ತಳು. ಅವಳ ಅಕ್ಕನೂ ಹಾಗೆಯೇ. ಅವ್ವನನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರು, ವಾಸನೆಗೆ ಬೇವಿನ ಸೊಪ್ಪು ಕಟ್ಟಿದ್ದರು. ಯಾರೋ ದೃಷ್ಟಿ ಅಂದರು, ಯಾರೋ ನಾಗನ ದೋಷ ಅಂದರು. ತಂಬಿಟ್ಟು ಮಾಡಿ ಹುತ್ತಕ್ಕೆ ಇಟ್ಟು ಬಂದೆವು. ಅವ್ವ ಮೂರು ತಿಂಗಳಿಗೆ ಹೋದಳು. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಸಕಲೇಶಪುರದಲ್ಲಿ ತೋರಿಸಿದೆವು. ಹಾಸನಕ್ಕೆ ಹೋಗಿ ಅಂದರು. ಹಾಸನದ ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನನಗೆ ಒಳ್ಳೆಯದನ್ನೇ ಮಾಡಿದರು, ಕೆಟ್ಟದ್ದು ಮಾಡಿಕೊಂಡವಳು ನಾನು.

ಕಾಯುವ ಜಾಗದಲ್ಲಿ ಉದ್ದನೆಯ ಕಬ್ಬಿಣದ ಬೆಂಚು. ಹೆಂಗಸರೆಲ್ಲ ಸೆರಗು ಬಿಗಿಯಾಗಿ ಹೊದ್ದು ಕೂತಿದ್ದರು. ಪಕ್ಕದಲ್ಲಿ ಬೇಲೂರು ಕಡೆಯ ಒಬ್ಬ ದಪ್ಪ ಹೆಂಗಸು. ಡಬ್ಬಿಯಲ್ಲಿ ತಂದ ಉಪ್ಪಿಟ್ಟು ಅರ್ಧ ನನ್ನ ಕೈಗೆ ಹಾಕಿದರು.

"ತಿನ್ನಿ ಮಾರಾಯ್ತಿ. ಒಳಗೆ ಹೋದ್ಮೇಲೆ ಮಿಷಿನ್ನಲ್ಲಿ ಎದೆ ಒತ್ತಿ ಒತ್ತಿ ರೊಟ್ಟಿ ಮಾಡಿ ಕಳಿಸ್ತಾರೆ."

"ನೋಯ್ತದಾ?"

"ನೋಯ್ತದೆ. ಆದ್ರೆ ನನ್ನ ಅತ್ತೆಗಿಂತ ಬೇಗ ಬಿಟ್ಬುಡ್ತದೆ."

ಆ ಬೆಂಚಿನಲ್ಲಿ ನಕ್ಕೆವು. ಹೆದರಿಕೆಯಲ್ಲಿ ನಕ್ಕ ನಗು ಅನ್ನ ಉಂಡ ಹಾಗೆ ಮೈಗೆ ಹತ್ತುತ್ತದೆ. ಆಮೇಲೆ ಆಕೆಯನ್ನು ನಾನು ನೋಡಲಿಲ್ಲ.

ಸೂಜಿ ಹಾಕಿ ಚೂರು ತೆಗೆದರು. ನರ್ಸಮ್ಮ ತಣ್ಣಗಿದ್ದ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮುಟ್ಟಿದಳು. ನನ್ನ ಮೈಯನ್ನು ಅಷ್ಟು ಮರ್ಯಾದೆಯಿಂದ ಯಾರೂ ಮುಟ್ಟಿರಲಿಲ್ಲ. ಹತ್ತು ದಿನ ಬಿಟ್ಟು ಕರೆದರು. ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಒಂದು ಕಾಗದದ ಮೇಲೆ ಗುಂಡು ಗುಂಡಾಗಿ ಬರೆದು ತೋರಿಸಿದರು.

"ಇವು ಜೀವಕೋಶ ಅಮ್ಮ. ಸಾಲಾಗಿ ಇರಬೇಕಾದವು. ನಿಮ್ಮಲ್ಲಿ ಸಾಲು ತಪ್ಪಿವೆ, ರೂಪ ಬದಲಾಗಿದೆ. ಆದರೆ ನಾಳದ ಗೋಡೆ ದಾಟಿ ಆಚೆ ಹೋಗಿಲ್ಲ."

"ಬೋರರ್ ಗಿಡದೊಳಗೆ ಐತೆ, ಇನ್ನೂ ದುಂಬಿಯಾಗಿ ಹಾರಿಲ್ಲ ಅನ್ನಿ."

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ನೀವು ತೋಟದವರಾ? ಸರಿಯಾಗೇ ಹೇಳಿದ್ರಿ. ಹಾರೋ ಮುಂಚೆ ತೆಗೀಬೇಕು."

"ತೆಗೀರಿ" ಅಂದೆ. ಗೌರಿ ನನ್ನ ತೋಳು ಹಿಡಿದಳು, "ಅಕ್ಕ, ಮನೇಲಿ ಕೇಳ್ಬೇಕಲ್ಲ" ಅಂದಳು. ಮನೆಯಲ್ಲಿ ಕೇಳಲು ಯಾರಿದ್ದರು? ಒಂದು ಬೆಕ್ಕಿತ್ತು.

ಗಿರಿಜಳನ್ನು ಆಲೂರು ಕಡೆ ಕೊಟ್ಟಿತ್ತು. ಮದುವೆಯಾಗಿ ಎಂಟು ವರ್ಷ ಮಕ್ಕಳಾಗಿರಲಿಲ್ಲ. ಎಷ್ಟೋ ದೇವರಿಗೆ ಹರಕೆ, ಎಷ್ಟೋ ಔಷಧಿ. ಈಗ ಐದು ತಿಂಗಳ ಬಸುರಿ. ಅವಳಿಗೆ ಮೂವತ್ತಮೂರು ವಯಸ್ಸು. ನಾನು ಆಸ್ಪತ್ರೆಗೆ ಸೇರುವ ಹಿಂದಿನ ದಿನ ಫೋನಿನಲ್ಲಿ ಗೌರಿಯೇ ಮಾತಾಡಿದಳು. "ನಿಮ್ಮವ್ವಂಗೆ ಗರ್ಭಕೋಶ ತೆಗೀತಾರೆ ಕಣೇ. ನೀನು ಬರ್ಬ್ಯಾಡ, ಬಸುರಿ ಆಸ್ಪತ್ರೆ ಮೆಟ್ಟಿಲು ಹತ್ತಬಾರ್ದು."

ನಮ್ಮ ಕಡೆ ಗರ್ಭಕೋಶ ತೆಗೆಸಿದ ಹೆಂಗಸರಿಗೇನೂ ಕಮ್ಮಿಯಿಲ್ಲ. ತೋಟದ ಆಳುಗಳ ಲೈನ್ ಮನೆಗಳಲ್ಲಿ ಹತ್ತರಲ್ಲಿ ಐವರಿಗೆ ಆಗಿದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ, ಹೊಲಿಗೆ ತೋರಿಸು ಅನ್ನುವುದಿಲ್ಲ. ಅದಕ್ಕಿಂತ ಒಳ್ಳೆಯ ಸುಳ್ಳು ನಮಗೆ ಹೊಳೆಯಲಿಲ್ಲ.

ಮೊಲೆ ತೆಗೆದರು. ಔಷಧಿ ಏರಿಸುವುದು, ರೇಡಿಯೇಶನ್ ಕರೆಂಟು ಕೊಡುವುದು ಏನೂ ಬೇಡ, ಬೇಗ ಸಿಕ್ಕಿದೆ ಅಂದರು. ಮನೆಗೆ ಬಂದು ಕನ್ನಡಿಗೆ ಬಟ್ಟೆ ಹಾಕಿದೆ. ಒಂದು ವಾರ ಅಷ್ಟೇ. ಆಮೇಲೆ ಬೈತಲೆ ತೆಗೆಯಲು ಕನ್ನಡಿ ಬೇಕಾಯಿತು. ಹಳೇ ಲಂಗದ ಬಟ್ಟೆಯಲ್ಲಿ ಚೀಲ ಹೊಲಿದು ರಾಗಿ ತುಂಬಿ ರವಿಕೆಯೊಳಗೆ ಇಟ್ಟುಕೊಂಡೆ, ಭಾರ ಸಮ ಆಗಲಿ ಅಂತ. ಜುಲೈ ತಿಂಗಳಲ್ಲಿ ತೋಟದಲ್ಲಿ ನೆಂದು ಅದು ಮೊಳಕೆ ಬಂತು. ಅರವತ್ತು ವರ್ಷದವಳ ಎದೆ ಚಿಗುರಿತು ಅಂತ ಒಬ್ಬಳೇ ಕೂತು ನಕ್ಕೆ. ಹೇಳಿಕೊಂಡು ನಗಲು ಗೌರಿ ಬಿಟ್ಟು ಯಾರಿಗೂ ಹೇಳಿರಲಿಲ್ಲವಲ್ಲ.

ಆಪರೇಶನ್ನಿಗೆ ಮೊದಲೇ ರಕ್ತ ತೆಗೆದು ಎಲ್ಲಿಗೋ ಕಳಿಸಿದ್ದರು. ಅವ್ವ, ದೊಡ್ಡವ್ವ ಇಬ್ಬರೂ ಹೀಗೇ ಸತ್ತರು ಅಂದಿದ್ದಕ್ಕೆ. ಆರು ವಾರವಾದ ಮೇಲೆ ಅದರ ಕಾಗದ ಬಂತು. ಗೌರಿ ಜೊತೆಗಿದ್ದಾಗ ಡಾಕ್ಟರಮ್ಮ ಓದಿ ಹೇಳಿದರು.

"ನಿಮ್ಮ ರಕ್ತದಲ್ಲಿ ಒಂದು ಗುರುತು ಸಿಕ್ಕಿದೆ ಅಮ್ಮ. ಹುಟ್ಟುವಾಗಲೇ ಬಂದದ್ದು. ನಿಮ್ಮ ತಾಯಿಯಿಂದ ನಿಮಗೆ. ಇದು ಇದ್ದವರಿಗೆ ಈ ಕಾಯಿಲೆ ಬರೋ ಸಂಭವ ಜಾಸ್ತಿ. ನಿಮ್ಮಿಂದ ಮಗಳಿಗೆ ಹೋಗಿರಬಹುದು, ಹೋಗದೇನೂ ಇರಬಹುದು. ಮಗಳು, ತಂಗಿ, ತಂಗಿಯ ಮಗಳು, ಎಲ್ಲರೂ ಪರೀಕ್ಷೆ ಮಾಡಿಸ್ಕೋಬೇಕು. ಮಗಳು ಮೊದಲು."

ಡಾಕ್ಟರಮ್ಮ ಗಿರಿಜಳ ಹೆಸರು, ವಯಸ್ಸು ಕೇಳಿದರು. ಬಸುರಿ ಅಂದೆ. ಒಂದು ಪತ್ರ ಬರೆದು ಲಕೋಟೆಗೆ ಹಾಕಿ ಕೊಟ್ಟರು. "ಕನ್ನಡದಲ್ಲೇ ಬರೆದಿದೀನಿ. ಅವರಿಗೆ ಕೊಡಿ."

ಬಸ್ ಸ್ಟ್ಯಾಂಡಿನಲ್ಲಿ ಗೌರಿ ಅತ್ತಳು. ಅವಳಿಗೆ ಇರುವುದು ಒಬ್ಬಳೇ ಮಗಳು, ಪವಿತ್ರ. ಆಗ ಡಿಗ್ರಿ ಓದುತ್ತಿದ್ದಳು.

"ಅಕ್ಕ, ರಕ್ತದಲ್ಲೇ ರೋಗ ಐತೆ ಅಂದ್ರೆ ಯಾರು ಹೆಣ್ಣು ತಗೋತಾರೆ? ನಿನ್ನ ಮಗಳಿಗೇನೋ ಆಗೈತೆ ಮದ್ವೆ. ನನ್ನದು ನೋಡು."

"ನಾನೇನ್ ಊರಲ್ಲಿ ಡಂಗುರ ಹೊಡೀತೀನಾ? ಗಿರಿಜಂಗೆ ಹೇಳ್ಬೇಕು."

"ಎಂಟು ವರ್ಷಕ್ಕೆ ಕಣ್ಣು ಬಿಟ್ಟೈತೆ ದೇವ್ರು. ಬಸುರಿಗೆ ಇದನ್ನ ಹೇಳಿ, ಅವಳು ಹೆದರಿ, ಒಂದು ಹೋಗಿ ಇನ್ನೊಂದು ಆದ್ರೆ? ಹೆರಿಗೆ ಆಗ್ಲಿ ಕಣಕ್ಕ."

ಅವಳ ಮೇಲೆ ತಪ್ಪು ಹಾಕಲು ಇದನ್ನು ಬರೆಯುತ್ತಿಲ್ಲ. ಅವಳು ಹೇಳಿದ್ದು ನನಗೆ ಬೇಕಾಗಿದ್ದ ಮಾತೇ. ಹೆರಿಗೆ ಆಗಲಿ ಅಂದುಕೊಂಡೆ. ಲಕೋಟೆಯನ್ನು ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗಿಟ್ಟೆ. ಒಡೆಯಲಿಲ್ಲ.

ಬೋರರ್ ಕೆಲಸದವರು ಮಾಡುವ ಒಂದು ತಪ್ಪು ಇದೆ. ತೋಟದವರಲ್ಲದೆ ಬೇರೆಯವರಿಗೆ ತಿಳಿಯುವುದಿಲ್ಲ. ಗಣಪತಿ ಹಬ್ಬದ ಹೊತ್ತಿನಲ್ಲಿ ಹುಡುಕುವಾಗ ಗೆರೆ ಸಿಕ್ಕ ಗಿಡದ ತುಂಬ ಕಾಯಿ ಇರುತ್ತದೆ. ಕೀಳಲು ಮನಸ್ಸು ಬರುವುದಿಲ್ಲ. "ಫಸಲು ಐತೆ, ಕುಯ್ಲು ಮುಗೀಲಿ, ಆಮೇಲೆ ಕೀಳಾನ" ಅಂತ ಗುರುತು ಹಾಕದೆ ಮುಂದೆ ಹೋಗುತ್ತಾರೆ. ಕುಯ್ಲು ಮುಗಿಯುವುದು ಸಂಕ್ರಾಂತಿ ಆಚೆ. ದುಂಬಿ ಹಾರುವುದು ದೀಪಾವಳಿ ಆಜುಬಾಜು. ಒಂದು ಗಿಡದ ನಾಲ್ಕು ಸೇರು ಹಣ್ಣು ಉಳಿಸಲು ಹೋಗಿ ಸುತ್ತಲಿನ ಗಿಡಗಳೂ ಹೋಗುತ್ತವೆ. ಹಾಗೆ ಬಿಟ್ಟ ಹೆಣ್ಣಾಳುಗಳನ್ನು ನಾನು ಬೈದಿದ್ದೇನೆ. ಒಬ್ಬಳಿಗೆ ರೈಟರ್ ಎದುರಿಗೇ ಬೈದಿದ್ದೇನೆ.

ಹೆರಿಗೆ ಆಯಿತು. ಹೆಣ್ಣು ಮಗು, ಚಿನ್ನು. ಬಾಣಂತನಕ್ಕೆ ಗಿರಿಜ ನನ್ನ ಮನೆಗೇ ಬಂದಳು. ಮೂರು ತಿಂಗಳು ಒಂದೇ ಸೂರಿನಡಿ ಇದ್ದೆವು. ದಿನಾ ಅವಳಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ದೆ. ಅವಳ ಎದೆ ಹಾಲು ಕಟ್ಟಿ ಬಿಗಿದಾಗ ನನ್ನ ಕೈಯಿಂದಲೇ ನೀವಿದೆ. ಹಾಲುಣಿಸುವ ಎದೆಯನ್ನು ಹಿಡಿದುಕೊಂಡು ಇದರಲ್ಲಿ ಹೀಗೆ ಇರಬಹುದು ಅಂತ ಯಾವ ಬಾಯಲ್ಲಿ ಹೇಳಲಿ? ಹಾಲು ಬಿಡಿಸಲಿ ಅಂದುಕೊಂಡೆ. ಮಗು ನನ್ನ ಎಡ ಎದೆಗೆ ಒರಗಿ ರಾಗಿ ಚೀಲದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಅದಕ್ಕೆ ಅದೇ ಅಜ್ಜಿಯ ಎದೆ.

ಒಂದು ದಿನ ಗಿರಿಜ ಬಟ್ಟೆ ರಾಶಿಯಿಂದ ಚೀಲ ಎತ್ತಿ ಹಿಡಿದಳು.

"ಅವ್ವ, ಇದೇನು?"

"ಸೊಂಟಕ್ಕೆ ಶಾಖ ಕೊಡೋದು."

"ರಾಗೀಲಾ? ಮರಳು ಹಾಕ್ತಾರೆ ಕಣವ್ವ."

"ನಿಂಗೇನ್ ಗೊತ್ತು, ಕೊಡಿಲ್ಲಿ."

ಕೊಟ್ಟಳು. ಹೇಳುವುದಕ್ಕೆ ಆವತ್ತು ಬಾಗಿಲು ತಾನಾಗಿ ತೆರೆದಿತ್ತು. ನಾನೇ ಎದ್ದು ಹಾಕಿದೆ.

ಆರು ತಿಂಗಳಿಗೊಮ್ಮೆ ನನ್ನನ್ನು ನೋಡಿಸಿಕೊಳ್ಳಲು ಹಾಸನಕ್ಕೆ ಹೋಗುತ್ತಿದ್ದೆ, ಮಂಡಿನೋವಿಗೆ ಅಂತ ಹೇಳಿ. ಪ್ರತಿ ಸಲ ಆ ಬೆಚ್ಚಗಿನ ಕೈಯ ನರ್ಸಮ್ಮ ಕೇಳುತ್ತಿದ್ದಳು, "ಅಜ್ಜಿ, ಮಗಳಿಗೆ ಹೇಳಿದ್ರಾ?" "ಹೇಳೀನಿ ಕಣಮ್ಮ, ಬರ್ತಾಳೆ." ಅದು ಬಾಯಿಗೆ ರೂಢಿಯಾಯಿತು.

ಚಿನ್ನುಗೆ ಎರಡು ವರ್ಷ ತುಂಬುವ ಮೊದಲು ಅಳಿಯ ಫೋನು ಮಾಡಿದ. ಗಿರಿಜಳಿಗೆ ಬೆನ್ನುನೋವು, ಕೆಮ್ಮು, ಊಟ ಸೇರುತ್ತಿಲ್ಲ. ಹೋದೆ. ಹಾಸಿಗೆಯಲ್ಲಿ ಕೂತಿದ್ದಳು. ಬಲಗಡೆ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ನಾನು ಕೈ ಸರಿಸಿ ಮುಟ್ಟಿದೆ. ಅಡಿಕೆ ಗಾತ್ರ ಅಲ್ಲ, ನಿಂಬೆಹಣ್ಣಿನ ಗಾತ್ರ. ಕಂಕುಳಲ್ಲಿ ಇನ್ನೆರಡು.

"ಯಾವಾಗಿಂದ?"

"ಐದಾರು ತಿಂಗಳು ಆಯ್ತು. ಹಾಲುಗಂಟು ಅಂದ್ರು ಅತ್ತೆ. ಕೋಸಿನ ಎಲೆ ಕಟ್ತಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೇ ಆಪರೇಶನ್ ಆಗಿ ಮೈ ಸರಿ ಇಲ್ಲ. ಹೇಳಿ ಹೆದರಿಸೋದು ಯಾಕೆ ಅಂತ."

ನಾನು ಅವಳಿಂದ ಮುಚ್ಚಿಟ್ಟದ್ದು ಯಾವ ಕಾರಣಕ್ಕೋ ಅವಳು ನನ್ನಿಂದ ಮುಚ್ಚಿಟ್ಟದ್ದೂ ಅದೇ ಕಾರಣಕ್ಕೆ.

ಅದೇ ಆಸ್ಪತ್ರೆ, ಅದೇ ಬೆಂಚು. ಅಳಿಯ ಚೀಟಿ ಮಾಡಿಸಲು ಹೋಗಿದ್ದ. ನರ್ಸಮ್ಮ ನಮ್ಮನ್ನು ನೋಡಿ ಹತ್ತಿರ ಬಂದಳು, ಮುಖ ಅರಳಿತ್ತು.

"ಅಂತೂ ಕರ್ಕೊಂಡು ಬಂದ್ರಾ ಅಜ್ಜಿ? ನೀವೇನಾ ಗಿರಿಜಾ? ಪ್ರತಿ ಸಲ ಬರ್ತಾಳೆ ಬರ್ತಾಳೆ ಅಂತ ಹೇಳಿ ನಿಮ್ಮಮ್ಮ ನಮ್ಮನ್ನ ಕಾಯಿಸಿದ್ರು. ಅಮ್ಮಂಗೆ ಎದೆ ಆಪರೇಶನ್ ಆದಾಗಲೇ ಬರ್ಬೇಕಿತ್ತು ನೀವು. ಇರ್ಲಿ, ಬಂದ್ರಲ್ಲ. ರಕ್ತ ಒಂದು ಕೊಟ್ಬಿಡಿ, ಆ ಗುರುತು ಇದ್ಯಾ ಇಲ್ವಾ ಗೊತ್ತಾಗುತ್ತೆ."

ಆಮೇಲೆ ಗಿರಿಜ ಕೈಯಲ್ಲಿ ಹಿಡಿದಿದ್ದ, ಆಲೂರಿನಲ್ಲಿ ಮಾಡಿಸಿ ತಂದ ಸ್ಕ್ಯಾನಿಂಗ್ ಚೀಟಿ ಅವಳ ಕಣ್ಣಿಗೆ ಬಿತ್ತು. ಓದಿದಳು. ಗಿರಿಜಳ ಭುಜ ಒತ್ತಿ ಒಳಗೆ ಹೋದಳು.

ಗಿರಿಜ ನನ್ನ ಕಡೆ ತಿರುಗಲಿಲ್ಲ. ಎದುರಿನ ಗೋಡೆ ನೋಡುತ್ತಾ ಕೂತಳು. ಬೇರೆ ಹೆಂಗಸರು ಬಂದರು, ಹೋದರು. ಯಾರದೋ ಮಗು ನಮ್ಮ ಕಾಲ ಬಳಿ ಬಿಸ್ಕತ್ತು ಬೀಳಿಸಿತು. ಗಿರಿಜ ಬಗ್ಗಿ ಎತ್ತಿಕೊಟ್ಟಳು.

ಪರೀಕ್ಷೆಯೆಲ್ಲ ಮುಗಿಸಿ ನಾನು ಅವಳನ್ನು ಯಸಳೂರಿಗೆ, ನನ್ನ ಮನೆಗೆ ಕರೆತಂದೆ. ಬಾಗಿಲು ಹಾಕಿದಳು.

"ರವಿಕೆ ಬಿಚ್ಚವ್ವ."

ಬಿಚ್ಚಿದೆ. ಹತ್ತಿರ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿದಳು, ಆ ಕೊನೆಯಿಂದ ಈ ಕೊನೆಗೆ.

"ಗರ್ಭಕೋಶ ಇಲ್ಲಿತ್ತಾ ನಿಂಗೆ?"

ಬಸುರಿ ಅಂತ, ಎಂಟು ವರ್ಷಕ್ಕೆ ಆಗಿದ್ದು ಅಂತ, ಏನೇನೋ ತೊದಲಿದೆ. ಟ್ರಂಕಿನಿಂದ ಲಕೋಟೆ ತೆಗೆದು ಕೊಟ್ಟೆ. ಅಂಟು ಹಾಗೇ ಇತ್ತು. ಅವಳು ಒಡೆದು ಗಟ್ಟಿಯಾಗಿ ಓದಿದಳು. ಪತ್ರದಲ್ಲಿ ಮೇಲೆ ಅವಳ ಹೆಸರು ಬರೆದಿತ್ತು. ನೀವು ಗರ್ಭಿಣಿಯಾಗಿರುವುದರಿಂದ ಗಾಬರಿಯಾಗಬೇಡಿ. ಈ ರಕ್ತ ಪರೀಕ್ಷೆಯನ್ನು ಈಗಲೂ ಮಾಡಿಸಬಹುದು, ಮಗುವಿಗೆ ತೊಂದರೆಯಿಲ್ಲ. ಎದೆಯ ಸ್ಕ್ಯಾನಿಂಗ್ ಕೂಡ ಮಾಡಿಸಬಹುದು. ಹಾಲು ಕುಡಿಸುವ ಕಾಲದಲ್ಲಿ ಗಂಟು ಕಂಡರೆ ಹಾಲುಗಂಟು ಎಂದು ಸುಮ್ಮನಿರದೆ ಕೂಡಲೇ ಬನ್ನಿ.

ಅಲ್ಲಿಗೆ ನಿಲ್ಲಿಸಿದಳು. ಆ ಕೊನೆಯ ಸಾಲನ್ನು ಇನ್ನೊಂದು ಸಲ ಓದಿದಳು, ಬಾಯಲ್ಲಿ ಅಲ್ಲ, ಕಣ್ಣಲ್ಲಿ.

ಓದಲು ಬಾರದವಳಾಗಿದ್ದರೆ ಒಂದು ನೆಪವಾದರೂ ಇರುತ್ತಿತ್ತು. ನನಗೆ ಓದಲು ಬರುತ್ತಿತ್ತು. ಅಕ್ಷರ ಅಕ್ಷರ ಕೂಡಿಸಿ ಒಂದು ದಿನ ಹಿಡಿಯುತ್ತಿತ್ತು ಅಷ್ಟೇ.

"ನಂಗೆ ಹೇಳಿದ್ರೆ ನಾನು ಮಗು ಬ್ಯಾಡ ಅಂತಿದ್ನಾ ಅವ್ವ? ಎರಡೂ ನೋಡ್ಕೋತಿದ್ದೆ. ನಿನ್ನ ಮಗಳಿಗೆ ಅಷ್ಟೂ ಗಟ್ಟಿತನ ಇಲ್ಲ ಅಂದ್ಕೊಂಡ್ಯಾ?"

ಹದಿನಾಲ್ಕು ತಿಂಗಳು ಬದುಕಿದಳು. ರೋಗ ಎಲುಬಿಗೆ, ಪುಪ್ಪುಸಕ್ಕೆ ಹೋಗಿತ್ತು. ಔಷಧಿ ಏರಿಸಿದರು, ಕೂದಲು ಹೋಯಿತು, ಮತ್ತೆ ಗುಂಗುರು ಗುಂಗುರಾಗಿ ಬಂತು. ಚಿನ್ನು ಅದನ್ನು ಹಿಡಿದು "ಅಮ್ಮ ಕುರಿಮರಿ" ಅನ್ನುತ್ತಿತ್ತು. ಒಳ್ಳೆಯ ದಿನಗಳೂ ಇದ್ದವು. ಸುಳ್ಳು ಹೇಳಬಾರದು. ಅವಳು ಮೀನುಸಾರು ಕೇಳಿ ತಿಂದ ದಿನ, ಅಳಿಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಆಸ್ಪತ್ರೆ ಕಿಟಕಿಯ ಕೆಳಗೆ ಕುಣಿದ ದಿನ. ಅಳಿಯ ನನ್ನನ್ನು ಒಂದು ಮಾತೂ ಆಡಲಿಲ್ಲ. "ಅತ್ತೆ, ಊಟ ಮಾಡಿ" ಅನ್ನುವುದು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಅದೇ ನನಗೆ ಶಿಕ್ಷೆ.

ಗಿರಿಜ ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಕೇಳಲಿಲ್ಲ. ಅವಳಿಗೆ ಆ ಕೆಲಸ ಬೇರೆ ಯಾಕೆ ಕೊಡಲಿ. ಕಾಲು ಒತ್ತುವಾಗ ಒಂದು ಸಲ ಹೇಳಿದಳು.

"ಪವಿತ್ರಂಗೆ ಹೇಳು. ಡಾಕ್ಟ್ರ ಕೈಲಿ ಹೇಳಿಸ್ಬ್ಯಾಡ. ಹೇಳ್ದೆ ಇದ್ದವಳು ನೀನು, ನೀನೇ ಹೇಳ್ಬೇಕು."

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಕಣೇ."

ಆಗ ಪವಿತ್ರಳಿಗೆ ಗಂಡು ನೋಡುತ್ತಿದ್ದರು. ಓದು ಮುಗಿಸಿ ಸಕಲೇಶಪುರದಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಗಿರಿಜಕ್ಕನಿಗೆ ಕ್ಯಾನ್ಸರ್ ಅಂತ ಅವಳಿಗೆ ಗೊತ್ತಿತ್ತು, ರಕ್ತದ ಗುರುತಿನ ಮಾತು ಗೊತ್ತಿರಲಿಲ್ಲ. ಗಿರಿಜಳ ರಕ್ತದಲ್ಲೂ ಅದು ಸಿಕ್ಕಿತ್ತು. ಗೌರಿ ನನ್ನ ಕಾಲು ಹಿಡಿದಳು, "ಲಗ್ನ ಒಂದು ಆಗ್ಲಿ ಅಕ್ಕ, ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ." ತನ್ನ ರಕ್ತವನ್ನೂ ಅವಳು ಕೊಟ್ಟಿರಲಿಲ್ಲ. ಓದುವವರು ನನ್ನನ್ನು ಉಗಿಯಬಹುದು. ಮಗಳು ಕಣ್ಣೆದುರಿಗೆ ಸವೆಯುತ್ತಿದ್ದಳು, ನಾನು ಮತ್ತೆ ಸುಮ್ಮನಾದೆ. ಒಂದು ತಿಂಗಳು, ಇನ್ನೊಂದು ತಿಂಗಳು. ಗಿರಿಜ ಆಮೇಲೆ ಕೇಳಲಿಲ್ಲ. ಕೇಳುವಷ್ಟು ಉಸಿರು ಇರಲಿಲ್ಲ.

ಒಂದು ಮಧ್ಯಾಹ್ನ ಹೋದಳು. ಗಂಜಿ ಆರಿಸಿಕೊಂಡು ಬರುವಷ್ಟರಲ್ಲಿ. ಅವಳ ಗಂಡನ ಹೊಲದ ಅಂಚಿನಲ್ಲಿ ಮಣ್ಣು ಮಾಡಿದೆವು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಅಂತ ಯಾರೋ ಅಂದರು. ನಾನು ಅವರ ಮುಖ ನೋಡಿದೆ.

ಹನ್ನೊಂದನೇ ದಿನ ತಿಥಿ. ಗಂಡಸರ ಊಟ ಮುಗಿದು, ಸಂಜೆಗೆ ಮುಂಚೆ ನಾವು ಹೆಂಗಸರು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆವು. ಪವಿತ್ರ ಚಿನ್ನುಗೆ ಊಟ ಮಾಡಿಸಿ ಕೈ ತೊಳೆಯಲು ಬಂದಳು. ಮಗು ಅವಳ ಸೊಂಟದ ಮೇಲಿತ್ತು. ಬೀಗಿತ್ತಿ ಕಣ್ಣೊರೆಸಿಕೊಂಡು ಗೌರಿಗೆ ಹೇಳುತ್ತಿದ್ದರು, "ನಿನ್ನ ಮಗಳದ್ದಾದ್ರೂ ಒಂದು ಒಳ್ಳೇದಾಗ್ಲಿ. ಬರೋ ತಿಂಗಳು ಬರ್ತಾರಂತಲ್ಲ ನೋಡೋಕೆ?"

ನನ್ನ ಕೈಯಲ್ಲಿ ಅನ್ನದ ಡಬರಿ ಇತ್ತು. ಕೆಳಗಿಟ್ಟೆ.

"ಪವಿತ್ರ, ಇಲ್ಲಿ ಕೇಳು. ನಂಗೆ ಗರ್ಭಕೋಶ ತೆಗ್ದಿಲ್ಲ, ಎದೆ ತೆಗ್ದವ್ರೆ. ನಮ್ಮವ್ವಂಗೂ ಅದೇ, ಗಿರಿಜಂಗೂ ಅದೇ. ನಮ್ಮ ರಕ್ತದಲ್ಲಿ ಒಂದು ಗುರುತೈತೆ. ನಿಮ್ಮವ್ವಂಗೂ ಇರಬೌದು, ನಿಂಗೂ ಇರಬೌದು. ಇಲ್ದೇನೂ ಇರಬೌದು. ಹಾಸನದಲ್ಲಿ ನೋಡ್ತಾರೆ."

ಗೌರಿ ಎದ್ದು ನಿಂತಳು. "ಬಾಯಿ ಮುಚ್ಚೇ ಅಕ್ಕ. ನಿನ್ನ ಮಗಳು ಹೋದ್ಲು ಅಂತ ನನ್ನ ಮಗಳ ಬಾಳಿಗೂ ಮಣ್ಣು ಹಾಕ್ತೀಯಾ?"

"ಇಷ್ಟು ದಿನ ಹಾಕ್ತಾ ಇದ್ದದ್ದು ಅದನ್ನೇ ಕಣೇ. ಇವತ್ತು ನಿಲ್ಲಿಸ್ದೆ."

ಪವಿತ್ರ ಮಗುವನ್ನು ಕೆಳಗಿಳಿಸಿದಳು.

"ದೊಡ್ಡಮ್ಮ, ನಿಂಗೆ ಇದು ಯಾವಾಗಿಂದ ಗೊತ್ತು?"

"ಗಿರಿಜ ಬಸುರಿ ಆದಾಗಿಂದ."

"ಅವ್ವ, ನಿಂಗೂ?"

ಗೌರಿ ಸೆರಗಿನಿಂದ ಮುಖ ಒರೆಸಿಕೊಂಡಳು. ಪವಿತ್ರ ನಮ್ಮಿಬ್ಬರನ್ನೂ ನೋಡಿದಳು. ನನ್ನನ್ನು ಆ ಥರ ನೋಡಿದ ಕಣ್ಣು ನಾನು ಒಂದು ಸಲ ಮಾತ್ರ ಕಂಡಿದ್ದೆ, ಗಿರಿಜ ರವಿಕೆ ಬಿಚ್ಚು ಅಂದ ದಿನ. ಪವಿತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗೌರಿ ಬಾಗಿಲು ತಟ್ಟಲು ಅವಳ ಹಿಂದೆ ಹೋದಳು. ಬೀಗಿತ್ತಿ ಮಗುವನ್ನು ಎತ್ತಿಕೊಂಡು ಮನೆಯ ಮುಂದಕ್ಕೆ ಹೋದರು. ಹಿತ್ತಲಲ್ಲಿ ನಾನೊಬ್ಬಳೇ ಉಳಿದೆ, ಉಳಿದ ಪಾತ್ರೆ ತೊಳೆದೆ.

ಪವಿತ್ರಳ ರಕ್ತದಲ್ಲಿ ಏನು ಸಿಕ್ಕಿತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳ ಮಾತು. ಯಾರಿಗೆ ಹೇಳಬೇಕೋ ಅವಳೇ ಹೇಳುತ್ತಾಳೆ. ಚಿನ್ನುಗೆ ಈಗ ಏಳು ದಾಟಿದೆ. ಅವಳಿಗೆ ಹದಿನೆಂಟಾದಾಗ ನಾನು ಇರುತ್ತೇನೋ ಇಲ್ಲವೋ. ಅದಕ್ಕೆ ಇದನ್ನು ಬರೆದಿಟ್ಟಿದ್ದೇನೆ, ಲಕೋಟೆಗೆ ಹಾಕದೆ. ನಿಮ್ಮ ಮನೆಯಲ್ಲೂ ಎದೆಹುಣ್ಣಿನಿಂದ ಹೋದ ಒಬ್ಬ ಅಜ್ಜಿ ಇದ್ದರೆ, ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರೆ, ಆ ಮಾತು ಆಡಿ. ಬಸುರಿಯಾದರೂ ಆಡಿ, ಬಾಣಂತಿಯಾದರೂ ಆಡಿ, ಗಂಡು ನೋಡಲು ಬರುವವರು ಹೊಸ್ತಿಲಲ್ಲಿ ನಿಂತಿದ್ದರೂ ಆಡಿ.

ತಿಥಿಯ ಮಾರನೇ ಬೆಳಿಗ್ಗೆ ನೆಂಟರೆಲ್ಲ ಹೊರಟರು. ಗೌರಿ, ಪವಿತ್ರ, ನಾನು ಒಂದೇ ಆಟೋದಲ್ಲಿ ಆಲೂರು ಬಸ್ ಸ್ಟ್ಯಾಂಡಿಗೆ ಬಂದೆವು. ಮೊದಲು ಸಕಲೇಶಪುರದ ಬಸ್ಸು ಬಂತು. ಗೌರಿ ಚೀಲ ಎತ್ತಿಕೊಂಡು ಹತ್ತಿದಳು, ಕಿಟಕಿಯಿಂದ "ಹತ್ತೇ" ಅಂದಳು. ಪವಿತ್ರ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಅವಳಿಗೆ ಹೇಳಬೇಕಾದ್ದು ಹೇಳಿಯಾಗಿತ್ತು. ಆಚೆ ಕಡೆ ಹಾಸನದ ಬಸ್ಸು ಹಾರ್ನ್ ಮಾಡುತ್ತಿತ್ತು. ಹೋಗಿ ಹತ್ತಿದೆ, ಇಬ್ಬರ ಸೀಟಿನಲ್ಲಿ ಕಿಟಕಿ ಪಕ್ಕದ ಜಾಗ ಬಿಟ್ಟು ಕೂತೆ. ಕಂಡಕ್ಟರ್ ಬಂದ. ಎರಡು ಹಾಸನ ಅಂದೆ. "ಇನ್ನೊಬ್ರು ಎಲ್ಲಮ್ಮ?" ಅಂದ. ಬಸ್ಸು ಹೊರಡುವಾಗ ಪವಿತ್ರ ಹತ್ತಿದಳು. ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ, ನನಗೆ ಬೆನ್ನು ಮಾಡಿ ಕೂತಳು. ಹಾಸನ ಬರುವವರೆಗೆ ಅವಳ ಜಡೆಯನ್ನು ನೋಡುತ್ತಾ ಕೂತಿದ್ದೆ.